ದೊಡ್ಡ ಸಂಖ್ಯೆ, ಸಣ್ಣ ಪರದೆ

ಮಳೆಗಾಲದಲ್ಲಿ ಕೃಷ್ಣೆ ತುಂಬಿ ಹರಿಯುವಾಗ ಯಾದಗಿರಿ ಜಿಲ್ಲೆಯ ನದಿತೀರದ ಊರುಗಳಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಪ್ರಶ್ನೆ ಒಂದೇ: ‘ನಾರಾಯಣಪುರದಿಂದ ಇವತ್ತು ಎಷ್ಟು ನೀರು ಬಿಟ್ಟಿದ್ದಾರೆ?’ ಇದಕ್ಕೆ ಉತ್ತರವಾಗಿ ಬರುವುದು ಒಂದು ಸಂಖ್ಯೆ. ಆ ಸಂಖ್ಯೆಯನ್ನು ನಂಬಿ ಜನ ದನಕರುಗಳನ್ನು ಎತ್ತರದ ಜಾಗಕ್ಕೆ ಹೊಡೆದುಕೊಂಡು ಹೋಗುತ್ತಾರೆ, ಇಲ್ಲವೇ ನಿಶ್ಚಿಂತೆಯಿಂದ ಮನೆಯಲ್ಲೇ ಉಳಿಯುತ್ತಾರೆ.

ಕೆಲವು ವರ್ಷಗಳ ಹಿಂದೆ ಸುರಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರೈತರೊಡನೆ ಮಾತುಕತೆಯೊಂದನ್ನು ಚಿತ್ರೀಕರಿಸುತ್ತಿದ್ದೆವು. ಹೊರಹರಿವಿನ ಪ್ರಮಾಣ ತೋರಿಸಲು ನಾನು ರಟ್ಟಿನ ಹಾಳೆಯ ಮೇಲೆ 250000 ಎಂದು ದಪ್ಪಕ್ಷರದಲ್ಲಿ ಬರೆಸಿದ್ದೆ. ನಿರೂಪಕರು ಅದನ್ನು ‘ಇಪ್ಪತ್ತೈದು ಸಾವಿರ ಕ್ಯುಸೆಕ್’ ಎಂದು ಓದಿಬಿಟ್ಟರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ರೈತರೊಬ್ಬರು ಕೂಡಲೇ ಕೈ ಎತ್ತಿದರು.

“ಸರ್ರ, ಇಪ್ಪತ್ತೈದು ಸಾವಿರ ಅಂದ್ರ ನಾವು ಮನ್ಯಾಗ ಆರಾಮ ಮಲಗತೀವ್ರಿ. ಎರಡೂವರಿ ಲಕ್ಷ ಅಂದ್ರ ರಾತ್ರೋರಾತ್ರಿ ಹೊಳಿ ದಂಡಿಮ್ಯಾಗಿನ ಪಂಪ್‌ಸೆಟ್ ಕಿತ್ತು ಮ್ಯಾಲ ತರಬೇಕು. ಎರಡರಾಗ ಯಾವುದು ಖರೆ ಹೇಳ್ರಿ.”

ತಪ್ಪು ನಿರೂಪಕರದಾಗಿರಲಿಲ್ಲ, ನನ್ನದಾಗಿತ್ತು. ಆರು ಅಂಕಿಗಳನ್ನು ಒಂದೇ ಸಾಲಿನಲ್ಲಿ ಬಿಡುವಿಲ್ಲದೆ ನಿಲ್ಲಿಸಿದರೆ ಯಾರ ಕಣ್ಣಾದರೂ ಎಡವೀತು. ಒಂದು ಸೊನ್ನೆ ತಪ್ಪಿದರೆ ಹತ್ತುಪಟ್ಟು ನೀರು ಲೆಕ್ಕದಿಂದ ಮಾಯವಾಗುತ್ತದೆ. ವಿಜ್ಞಾನ ಓದಿದ ನನಗೆ ಅಂದು ಆದ ನಾಚಿಕೆಯೇ ಈ ಲೇಖನಕ್ಕೆ ಮೂಲ. ದೊಡ್ಡ ಸಂಖ್ಯೆಗಳನ್ನು, ಅದರಲ್ಲೂ ಗ್ರಾಫ್ ಕ್ಯಾಲ್ಕುಲೇಟರಿನ ಪುಟ್ಟ ಪರದೆಯ ಮೇಲೆ ಕಾಣುವ ಸಂಖ್ಯೆಗಳನ್ನು, ತಪ್ಪಿಲ್ಲದೆ ಓದುವುದು ಹೇಗೆ? ಕಿರುತೆರೆಯ ಮಾತುಕತೆಯಲ್ಲಿ ಸಮಯ ಸಾಲದೆ ಬಿಟ್ಟುಹೋಗುವ ಲೆಕ್ಕಗಳನ್ನು ಇಲ್ಲಿ ಬಿಡಿಸಿ ನೋಡೋಣ.

ರೇಖೆ ಎಳೆಯುವ ಕ್ಯಾಲ್ಕುಲೇಟರ್

ಅಂಗಡಿಯ ಮೇಜಿನ ಮೇಲಿರುವ ಕ್ಯಾಲ್ಕುಲೇಟರ್ ಕೂಡುತ್ತದೆ, ಕಳೆಯುತ್ತದೆ. ಗ್ರಾಫ್ ಕ್ಯಾಲ್ಕುಲೇಟರ್ ಅಷ್ಟಕ್ಕೇ ನಿಲ್ಲುವುದಿಲ್ಲ. ಒಂದು ಸಮೀಕರಣ ಕೊಟ್ಟರೆ ಅದರ ರೇಖೆಯನ್ನು ಪರದೆಯ ಮೇಲೆ ಎಳೆದು ತೋರಿಸುತ್ತದೆ. ಇಂಥ ಮೊದಲ ಯಂತ್ರವನ್ನು ಜಪಾನಿನ ಕ್ಯಾಸಿಯೋ ಕಂಪನಿ 1985ರಲ್ಲಿ ಮಾರುಕಟ್ಟೆಗೆ ತಂದಿತು. 1990ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-81 ಬಂದಿತು. ಅದೇ ವಂಶದ ಟಿಐ-84 ಅಮೆರಿಕದ ಶಾಲೆಗಳಲ್ಲಿ ಮನೆಮಾತು. ನಮ್ಮ ಶಾಲೆಗಳಲ್ಲಿ ಈ ಯಂತ್ರ ಅಪರೂಪವೇ ಸರಿ. ಆದರೆ ಇದೇ ಕೆಲಸ ಮಾಡುವ ಡೆಸ್ಮಾಸ್, ಜಿಯೋಜೀಬ್ರಾದಂಥ ತಂತ್ರಾಂಶಗಳು ಮೊಬೈಲ್ ಫೋನಿನಲ್ಲಿ ಪುಕ್ಕಟೆಯಾಗಿ ಸಿಗುತ್ತಿರುವುದರಿಂದ, ಶಹಾಪುರದ ವಿದ್ಯಾರ್ಥಿಗೂ ಅದು ಈಗ ಎಟುಕದ ವಸ್ತುವೇನಲ್ಲ.

ಈ ಯಂತ್ರಗಳ ಒಂದು ಕೊರತೆಯೆಂದರೆ ಅಂಕಿಗಳ ನಡುವೆ ಅಲ್ಪವಿರಾಮ ಹಾಕದಿರುವುದು. ಹತ್ತು ಅಂಕಿಗಳವರೆಗೆ ಸಾಲಾಗಿ ತೋರಿಸುತ್ತವೆ. ಸಂಖ್ಯೆ ಅದಕ್ಕಿಂತ ದೊಡ್ಡದಾದರೆ ಬರೆಯುವ ಕ್ರಮವನ್ನೇ ಬದಲಿಸಿಬಿಡುತ್ತವೆ.

ನಡುವೆ ನಿಂತ ‘ಇ’

ನಮ್ಮ ಉದಾಹರಣೆಗೇ ಬರೋಣ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಒಂದು ದಿನಕ್ಕೆ 86,400 ಸೆಕೆಂಡುಗಳು. 2,50,000 ಕ್ಯುಸೆಕ್ ನೀರು ಇಡೀ ದಿನ ಒಂದೇ ಸಮನೆ ಹರಿದರೆ ಎಷ್ಟಾಯಿತು? ಗುಣಿಸಿ ನೋಡಿ. ಟಿಐ-84ರ ಪರದೆಯ ಮೇಲೆ 2.16ಇ10 ಎಂದು ಮೂಡುತ್ತದೆ. ನಡುವಿನದು ಇಂಗ್ಲಿಷ್ ವರ್ಣಮಾಲೆಯ ಐದನೆಯ ಅಕ್ಷರ.

ಇದನ್ನು ಮೊದಲ ಬಾರಿ ಕಂಡ ಅನೇಕರು ಯಂತ್ರ ಕೆಟ್ಟಿತೆಂದು ಭಾವಿಸುತ್ತಾರೆ. ಇನ್ನು ಕೆಲವರು 2.16ರ ಹತ್ತನೆಯ ಘಾತ ಎಂದು ತಿಳಿಯುತ್ತಾರೆ. ಹಾಗೆ ಲೆಕ್ಕ ಮಾಡಿದರೆ ಬರುವುದು ಸುಮಾರು 2,211 ಮಾತ್ರ. ನಿಜವಾದ ಅರ್ಥ ಇಷ್ಟೆ: 2.16ರಲ್ಲಿರುವ ಬಿಂದುವನ್ನು ಹತ್ತು ಸ್ಥಾನ ಬಲಕ್ಕೆ ಸರಿಸಿ, ಖಾಲಿ ಉಳಿದ ಕಡೆ ಸೊನ್ನೆ ತುಂಬಿ. ಆಗ ಸಿಗುವುದು 21,60,00,00,000. ಅಂದರೆ 2,160 ಕೋಟಿ ಘನ ಅಡಿ.

‘ಇ’ಯ ಮುಂದಿನ ಅಂಕಿಯನ್ನು ನಮ್ಮ ಲೆಕ್ಕಕ್ಕೆ ಇಳಿಸಿಕೊಳ್ಳಲು ಐದು ಮೆಟ್ಟಿಲುಗಳನ್ನು ಬಾಯಿಪಾಠ ಮಾಡಿಕೊಂಡರೆ ಸಾಕು. 3 ಬಂದರೆ ಸಾವಿರ, 5 ಬಂದರೆ ಲಕ್ಷ, 7 ಬಂದರೆ ಕೋಟಿ, 9 ಬಂದರೆ ನೂರು ಕೋಟಿ, 12 ಬಂದರೆ ಲಕ್ಷ ಕೋಟಿ. 10 ಬಂದಾಗ ಕೋಟಿಯ 7ನ್ನು ಕಳೆಯಿರಿ. ಉಳಿದದ್ದು 3, ಎಂದರೆ ಸಾವಿರ. ಹಾಗಾಗಿ 2.16 ಸಾವಿರ ಕೋಟಿ, ಅರ್ಥಾತ್ 2,160 ಕೋಟಿ.

ಮೂರರ ಗುಂಪು, ಎರಡರ ಗುಂಪು

ನಾವು ಬಲದಿಂದ ಮೊದಲ ಮೂರು ಅಂಕಿ ಬಿಟ್ಟು, ಆಮೇಲೆ ಎರಡೆರಡಕ್ಕೆ ಗೆರೆ ಹಾಕುತ್ತೇವೆ. ಪಾಶ್ಚಾತ್ಯರು ಉದ್ದಕ್ಕೂ ಮೂರು ಮೂರಕ್ಕೆ ಹಾಕುತ್ತಾರೆ. ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ಮೇಜಿನ ಕ್ಯಾಲ್ಕುಲೇಟರುಗಳು ಅವರ ಕ್ರಮದವೇ. ಲಕ್ಷ, ಕೋಟಿಗೆ ತಕ್ಕಂತೆ ಗೆರೆ ತೋರಿಸುವವೂ ಬಂದಿವೆ ಅನ್ನಿ. ಎರಡೂ ಕ್ರಮ ಸರಿಯಾದವೇ. ತೊಡಕು ಬರುವುದು ಒಂದು ಕ್ರಮದಲ್ಲಿ ಬರೆದದ್ದನ್ನು ಇನ್ನೊಂದು ಕ್ರಮದಲ್ಲಿ ಓದಲು ಹೊರಟಾಗ.

ದೊಡ್ಡ ಸಂಖ್ಯೆಗಳಿಗೆ ಸ್ಥಾನಕ್ಕೊಂದು ಹೆಸರಿಟ್ಟು ಓದುವ ಪರಿಪಾಠ ನಮ್ಮ ನೆಲಕ್ಕೆ ಹೊಸದಲ್ಲ. ಯಾದಗಿರಿಗೆ ನೆರೆಯ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ. ಏಕ, ದಶ, ಶತ, ಸಹಸ್ರದಿಂದ ಹಿಡಿದು ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಅದರಲ್ಲಿ ಹೆಸರಿದೆ. ಎಂಟನೆಯದು ಕೋಟಿ, ಒಂಬತ್ತನೆಯದು ದಶಕೋಟಿ, ಹತ್ತನೆಯದು ಶತಕೋಟಿ, ಹನ್ನೊಂದನೆಯದು ಅರ್ಬುದ.

ಇಂದು ಪತ್ರಿಕೆಗಳಲ್ಲಿ ದಿನವೂ ಕಾಣುವ ‘ಟಿಎಂಸಿ’ ಎಂಬ ಮಾನಕ್ಕೂ ಈ ಪಟ್ಟಿಗೂ ಸೊಗಸಾದ ಹೊಂದಾಣಿಕೆಯಿದೆ. ಟಿಎಂಸಿ ಎಂದರೆ ಸಾವಿರ ದಶಲಕ್ಷ ಘನ ಅಡಿ, ಎಂದರೆ ನೂರು ಕೋಟಿ ಘನ ಅಡಿ. ಮಹಾವೀರಾಚಾರ್ಯನ ಮಾತಿನಲ್ಲಿ ಒಂದು ಶತಕೋಟಿ! ನಾರಾಯಣಪುರದ ಬಸವಸಾಗರ ಜಲಾಶಯದ ಸಾಮರ್ಥ್ಯ 33.31 ಟಿಎಂಸಿ. ಘನ ಅಡಿಯಲ್ಲಿ 33,31,00,00,000. ಹಳೆಯ ಹೆಸರುಗಳಲ್ಲಿ ಓದುವುದಾದರೆ 3 ಅರ್ಬುದ, 3 ಶತಕೋಟಿ, 3 ದಶಕೋಟಿ, 1 ಕೋಟಿ. ಸ್ಥಾನಕ್ಕೆ ಹೆಸರಿರುವಾಗ ಸೊನ್ನೆ ಎಣಿಸುವ ಪ್ರಮೇಯವೇ ಇಲ್ಲ.

ಒಂದು ಗುಂಡಿಯ ಉಪಾಯ

ಯಂತ್ರದಲ್ಲೇ ಅಡಗಿರುವ ಒಂದು ಸುಲಭ ಉಪಾಯ ಹೇಳುತ್ತೇನೆ. ಟಿಐ ಯಂತ್ರದಲ್ಲಿ ‘ಮೋಡ್’ ಗುಂಡಿ ಒತ್ತಿದರೆ ನಾರ್ಮಲ್, ಸೈ, ಎಂಜ್ ಎಂಬ ಮೂರು ಆಯ್ಕೆಗಳು ಕಾಣುತ್ತವೆ. ಕೊನೆಯದು ಎಂಜಿನಿಯರುಗಳ ಬರಹಕ್ರಮ. ಇದನ್ನು ಆರಿಸಿಕೊಂಡರೆ ‘ಇ’ಯ ಮುಂದೆ ಬರುವುದು 3, 6, 9, 12 ಹೀಗೆ ಮೂರರ ಮಗ್ಗಿಯ ಅಂಕಿಗಳು ಮಾತ್ರ. ಆಗ 2.16ಇ10 ಎಂಬುದು 21.6ಇ9 ಎಂದಾಗುತ್ತದೆ. ಲೆಕ್ಕ ಘನ ಅಡಿಯಲ್ಲಿದ್ದರೆ ‘ಇ9’ ಎಂಬುದನ್ನೇ ‘ಟಿಎಂಸಿ’ ಎಂದು ಓದಿಕೊಳ್ಳಬಹುದು. ದಿನಕ್ಕೆ 21.6 ಟಿಎಂಸಿ. ಮತ್ತೆ ಗುಣಾಕಾರ, ಭಾಗಾಕಾರ ಏನೂ ಬೇಡ. ಕ್ಯಾಸಿಯೋದಲ್ಲಿ ಈ ಆಯ್ಕೆ ‘ಸೆಟ್ ಅಪ್’ ಪಟ್ಟಿಯ ‘ಡಿಸ್‌ಪ್ಲೇ’ ಎಂಬಲ್ಲಿದೆ. ಅದರ ಕೆಲವು ಮಾದರಿಗಳು ಇ9ರ ಬದಲು ‘ಗಿಗಾ’ ಎಂಬುದರ ಮೊದಲಕ್ಷರವನ್ನು ತೋರಿಸುತ್ತವೆ. ಅದೂ ನೂರು ಕೋಟಿಯೇ.

ಯಂತ್ರಕ್ಕೆ ಕೋಟಿ, ಲಕ್ಷ ಕಲಿಸುವುದು

ನೀರಿನ ಲೆಕ್ಕಕ್ಕೆ ಇಷ್ಟು ಸಾಕು. ಜನಸಂಖ್ಯೆಗೋ ರೂಪಾಯಿಗೋ ಕೋಟಿ, ಲಕ್ಷವೇ ಬೇಕು. ಯಂತ್ರ ತಾನಾಗಿ ಕೊಡದಿದ್ದರೆ ನಾವು ಕಲಿಸಬಹುದು. ಇದಕ್ಕೆ ‘ಇಂಟ್’ ಎಂಬ ಒಂದು ಸೌಲಭ್ಯ ಬೇಕು. ದಶಮಾಂಶದ ನಂತರದ ಭಾಗವನ್ನು ಕತ್ತರಿಸಿ ಪೂರ್ಣಾಂಕವನ್ನಷ್ಟೇ ಉಳಿಸಿಕೊಳ್ಳುವುದು ಅದರ ಕೆಲಸ. ಡೆಸ್ಮಾಸ್‌ನಲ್ಲಿ ಇದರ ಹೆಸರು ‘ಫ್ಲೋರ್’. ಓದಬೇಕಾದ ಸಂಖ್ಯೆಯನ್ನು ‘ನ’ ಎನ್ನೋಣ. ಆಗ,

ಕೋಟಿ = ಇಂಟ್ (ನ ÷ 1,00,00,000)
ಲಕ್ಷ = ಇಂಟ್ (ನ ÷ 1,00,000) − 100 × ಇಂಟ್ (ನ ÷ 1,00,00,000)
ಸಾವಿರ = ಇಂಟ್ (ನ ÷ 1,000) − 100 × ಇಂಟ್ (ನ ÷ 1,00,000)
ಉಳಿಕೆ = ನ − 1,000 × ಇಂಟ್ (ನ ÷ 1,000)

ಯಂತ್ರಕ್ಕೆ ಕೊಡುವಾಗ ಅಲ್ಪವಿರಾಮಗಳನ್ನು ಬಿಡಬೇಕು. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 61095297. ಇದನ್ನು ಮೇಲಿನ ಸೂತ್ರಗಳಿಗೆ ಹಾಕಿ ನೋಡಿ. ಕ್ರಮವಾಗಿ 6, 10, 95, 297 ಬರುತ್ತದೆ. 6 ಕೋಟಿ 10 ಲಕ್ಷ 95 ಸಾವಿರದ 297. ನಾಲ್ಕು ಸೂತ್ರಗಳನ್ನೂ ಒಂದು ಪುಷ್ಪಾವರಣದೊಳಗೆ ಪಟ್ಟಿಯಾಗಿ ಬರೆದು ಯಂತ್ರದಲ್ಲಿ ಪುಟ್ಟ ಪ್ರೋಗ್ರಾಮ್ ಆಗಿ ಇಟ್ಟುಕೊಂಡರೆ, ಮುಂದೆ ಸಂಖ್ಯೆಯನ್ನು ಕೊಟ್ಟೊಡನೆ ನಾಲ್ಕು ಭಾಗಗಳೂ ನಡುವೆ ಜಾಗ ಬಿಟ್ಟುಕೊಂಡು ಪರದೆಯ ಮೇಲೆ ನಿಲ್ಲುತ್ತವೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. 2011ರಲ್ಲಿ ಭಾರತದ ಜನಸಂಖ್ಯೆ 1210854977. ಯಂತ್ರ ಇದನ್ನು 121, 8, 54, 977 ಎಂದು ಒಡೆಯುತ್ತದೆ. ಲಕ್ಷದ ಸ್ಥಾನದಲ್ಲಿ 08 ಇರಬೇಕಾದ ಕಡೆ ಬರೀ 8 ಇದೆ. ಬಾಯಲ್ಲಿ ಓದಲು ಅಡ್ಡಿಯಿಲ್ಲ: 121 ಕೋಟಿ 8 ಲಕ್ಷ 54 ಸಾವಿರದ 977. ಆದರೆ ಹಾಗೆಯೇ ಅಂಟಿಸಿ ಬರೆದರೆ 121854977 ಆಗಿ ದೇಶದ ಜನಸಂಖ್ಯೆ 12 ಕೋಟಿಗೆ ಇಳಿದುಬಿಡುತ್ತದೆ! ಕಾಗದಕ್ಕೆ ಇಳಿಸುವಾಗ ಕೋಟಿಯನ್ನು ಬಿಟ್ಟು ಲಕ್ಷ, ಸಾವಿರಗಳಿಗೆ ಎರಡೆರಡು ಅಂಕಿ, ಉಳಿಕೆಗೆ ಮೂರು ಅಂಕಿ ಇರುವಂತೆ ಎಡಗಡೆ ಸೊನ್ನೆ ತುಂಬಬೇಕು. ನನ್ನ ರಟ್ಟಿನ ಹಾಳೆಯಲ್ಲಿ ಆದದ್ದೂ ಇಂಥದೇ ಅವಾಂತರ.

ಈ ಸೂತ್ರಗಳಿಂದ ಇನ್ನೊಂದು ಲಾಭವೂ ಉಂಟು. ಟಿಐ-84 ಪರದೆಗೆ ಹತ್ತು ಅಂಕಿ ತೋರಿಸಿದರೂ ಒಳಗೆ ಹದಿನಾಲ್ಕು ಅಂಕಿಗಳನ್ನು ಇಟ್ಟುಕೊಂಡಿರುತ್ತದೆ. 12345678912 ಎಂಬ ಹನ್ನೊಂದು ಅಂಕಿಯ ಸಂಖ್ಯೆ ಕೊಟ್ಟರೆ 1.234567891ಇ10 ಎಂದು ತೋರಿಸಿ ಕೊನೆಯ 2ನ್ನು ಮರೆಮಾಡುತ್ತದೆ. ಸೂತ್ರಗಳ ಮೂಲಕ ಕೇಳಿದರೆ 1234, 56, 78, 912 ಎಂದು ಪೂರ್ತಿ ಒಪ್ಪಿಸುತ್ತದೆ. ಹದಿನಾಲ್ಕನ್ನು ದಾಟಿದ ಅಂಕಿಗಳು ಮಾತ್ರ ಅದರ ಬಳಿಯೂ ಇರುವುದಿಲ್ಲ.

ರೇಖೆಯಲ್ಲಿ ಓದುವಾಗ

ಗ್ರಾಫ್ ಕ್ಯಾಲ್ಕುಲೇಟರಿನ ನಿಜವಾದ ಬಲ ಇರುವುದು ರೇಖೆಯಲ್ಲಿ. ಅಡ್ಡ ಅಕ್ಷದಲ್ಲಿ ಹೊರಹರಿವು, ನಿಂತ ಅಕ್ಷದಲ್ಲಿ ಒಂದು ದಿನಕ್ಕೆ ಹರಿದುಹೋಗುವ ನೀರು ಬರುವಂತೆ ಒಂದು ರೇಖೆ ಎಳೆಯೋಣ. ಕ್ಯುಸೆಕ್ ಮತ್ತು ಘನ ಅಡಿಗಳನ್ನು ಹಾಗೆಯೇ ಕೊಟ್ಟರೆ ಅಡ್ಡ ಅಕ್ಷ ಲಕ್ಷಗಳಿಗೂ ನಿಂತ ಅಕ್ಷ ಸಾವಿರಾರು ಕೋಟಿಗೂ ಚಾಚುತ್ತದೆ. ಅಳತೆಯ ಗೆರೆಗಳ ಅಂತರವನ್ನು 1ರಲ್ಲೇ ಬಿಟ್ಟರಂತೂ ಲಕ್ಷಾಂತರ ಗೆರೆಗಳು ಒಂದರ ಮೇಲೊಂದು ಬಿದ್ದು ಅಕ್ಷವೇ ಒಂದು ದಪ್ಪ ಕರಿಪಟ್ಟಿಯಂತೆ ಕಾಣುತ್ತದೆ.

ಮಾನವನ್ನು ಬದಲಿಸಿಕೊಂಡರೆ ಚಿತ್ರ ತಿಳಿಯಾಗುತ್ತದೆ. ಹೊರಹರಿವನ್ನು ಸಾವಿರ ಕ್ಯುಸೆಕ್‌ಗಳಲ್ಲಿ, ನೀರನ್ನು ಟಿಎಂಸಿಯಲ್ಲಿ ಅಳೆಯೋಣ. 1,000ವನ್ನು 86,400ರಿಂದ ಗುಣಿಸಿ ನೂರು ಕೋಟಿಯಿಂದ ಭಾಗಿಸಿದರೆ 0.0864. ಆದ್ದರಿಂದ ಸಮೀಕರಣ: ವೈ = 0.0864 × ಎಕ್ಸ್. ‘ವಿಂಡೋ’ದಲ್ಲಿ ಅಡ್ಡ ಅಕ್ಷಕ್ಕೆ 0ಯಿಂದ 470, ಅಂತರ 50. ನಿಂತ ಅಕ್ಷಕ್ಕೆ 0ಯಿಂದ 45, ಅಂತರ 5. ಈ 470 ಏಕೆಂದು ಕೇಳಬಹುದು. ಟಿಐ-84ರ ಹಳೆಯ ಕಪ್ಪುಬಿಳುಪು ಪರದೆಯಲ್ಲಿ ರೇಖಾಚಿತ್ರದ ಅಗಲ 95 ಚುಕ್ಕೆಗಳು, ಅವುಗಳ ನಡುವೆ 94 ಹೆಜ್ಜೆಗಳು. 470ನ್ನು 94ರಿಂದ ಭಾಗಿಸಿದರೆ ಸರಿಯಾಗಿ 5. ಹಾಗಾಗಿ ‘ಟ್ರೇಸ್’ ಗುಂಡಿ ಒತ್ತಿ ರೇಖೆಯ ಮೇಲೆ ಸಾಗುವಾಗ ಚುಕ್ಕೆ ಐದೈದು ಸಾವಿರ ಕ್ಯುಸೆಕ್‌ಗಳ ಹೆಜ್ಜೆ ಇಡುತ್ತದೆ. ಓದಲು ತೊಡಕಿನ ದಶಮಾಂಶಗಳು ಅಡ್ಡ ಅಕ್ಷದಲ್ಲಿ ಬರುವುದಿಲ್ಲ. ಬೇರೆ ಪರದೆಯ ಯಂತ್ರವಿದ್ದವರು ಟ್ರೇಸ್‌ನಲ್ಲಿದ್ದಾಗಲೇ 250 ಎಂದು ಒತ್ತಿ ಆ ಬಿಂದುವಿಗೆ ನೇರವಾಗಿ ಹೋಗಬಹುದು.

ಈಗ ರೇಖೆಯ ಮೇಲೆ ನಡೆಯಿರಿ. 25ರಲ್ಲಿ 2.16 ಟಿಎಂಸಿ. 250ರಲ್ಲಿ 21.6 ಟಿಎಂಸಿ. ಅಂದು ಆ ರೈತರು ಕೇಳಿದ ಪ್ರಶ್ನೆ ಈ ಎರಡು ಬಿಂದುಗಳ ನಡುವಿನ ಎತ್ತರದಲ್ಲಿ ಕಣ್ಣಿಗೆ ಕಟ್ಟುತ್ತದೆ. ಮೊದಲನೆಯದು ಅಕ್ಷಕ್ಕೆ ಅಂಟಿಕೊಂಡಂತಿದೆ, ಎರಡನೆಯದು ಪರದೆಯ ಅರ್ಧ ಎತ್ತರಕ್ಕೆ ಏರಿದೆ.

ಇದರ ಮೇಲೆ ಇನ್ನೊಂದು ರೇಖೆ ಹಾಕಿ: ವೈ = 33.31. ಇದು ತುಂಬಿದ ಬಸವಸಾಗರದ ಗುರುತು. ಎರಡು ರೇಖೆಗಳು ಎಲ್ಲಿ ಕೂಡುತ್ತವೆ? 385ಕ್ಕೆ ಬಂದಾಗ ವೈ 33.264, 390ಕ್ಕೆ ಬಂದಾಗ 33.696. ನಡುವೆ ಸುಮಾರು 385.5ರಲ್ಲಿ ಸಂಧಿಸುತ್ತವೆ. ಎಂದರೆ ಹೊರಹರಿವು 3 ಲಕ್ಷ 85 ಸಾವಿರ ಕ್ಯುಸೆಕ್‌ಗಳನ್ನು ತುಸು ದಾಟಿತೆಂದರೆ, ಒಂದೇ ದಿನದಲ್ಲಿ ತುಂಬಿದ ಬಸವಸಾಗರದಷ್ಟು ನೀರು ಕೆಳಗಿನ ಊರುಗಳ ಮಗ್ಗುಲಲ್ಲಿ ಹಾದುಹೋಗುತ್ತದೆ! ಜಲಾಶಯ ಬರಿದಾಗುತ್ತದೆ ಎಂದು ಇದರ ಅರ್ಥವಲ್ಲ. ಮೇಲಿನ ಆಲಮಟ್ಟಿಯಿಂದ ನೀರು ಬರುತ್ತಲೇ ಇರುತ್ತದೆ. ಆದರೆ ಪ್ರವಾಹದ ಗಾತ್ರ ಎಷ್ಟೆಂಬುದು ಮನಸ್ಸಿಗೆ ತಟ್ಟಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ. ಸುರಪುರ ತಾಲ್ಲೂಕಿನ ನದಿಯ ನಡುಗಡ್ಡೆ ನೀಲಕಂಠರಾಯನಗಡ್ಡಿ ಪ್ರವಾಹ ಬಂದಾಗ ಹಲವು ಬಾರಿ ಹೊರಜಗತ್ತಿನ ಸಂಪರ್ಕ ಕಳೆದುಕೊಂಡದ್ದು, 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಶಹಾಪುರದಿಂದ ದೇವದುರ್ಗದ ಕಡೆ ಹೋಗುವ ದಾರಿಯ ಕೊಳ್ಳೂರು ಸೇತುವೆ ಮುಳುಗಿದ್ದು ಏಕೆಂದು ಈ ರೇಖೆಯನ್ನು ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಆಳಿಗೆಷ್ಟು?

ರೇಖೆಯೂ ಕೈಗೆ ಸಿಗದಿದ್ದಾಗ ಇನ್ನೊಂದು ದಾರಿಯಿದೆ. ದೊಡ್ಡ ಸಂಖ್ಯೆಯನ್ನು ತಲೆಗೆ ಹಂಚುವುದು. 33.31 ಟಿಎಂಸಿಯನ್ನು ಲೀಟರಿಗೆ ಪರಿವರ್ತಿಸಿದರೆ ಸುಮಾರು 94,323 ಕೋಟಿ ಲೀಟರ್. ಕೇಳಿದವರಿಗೆ ಏನೂ ಅರ್ಥವಾಗುವುದಿಲ್ಲ. ಇದನ್ನು 2011ರ ಯಾದಗಿರಿ ಜಿಲ್ಲೆಯ ಜನಸಂಖ್ಯೆ 11,74,271ರಿಂದ ಭಾಗಿಸಿ. ಒಬ್ಬೊಬ್ಬರ ಪಾಲಿಗೆ ಸುಮಾರು 8 ಲಕ್ಷ ಲೀಟರ್. ಜಲಜೀವನ ಯೋಜನೆಯ ಪ್ರಮಾಣದಂತೆ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದಿಟ್ಟುಕೊಂಡರೆ ಅದು 40 ವರ್ಷಗಳ ಬಳಕೆಯ ನೀರು. ಜಲಾಶಯವಿರುವುದು ಮುಖ್ಯವಾಗಿ ನೀರಾವರಿಗೆ, ತಳದ ನೀರನ್ನು ಪೂರ್ತಿ ಬಳಸಲೂ ಬರುವುದಿಲ್ಲ. ಆದ್ದರಿಂದ ಇದು ಹಂಚಿಕೆಯ ಲೆಕ್ಕವಲ್ಲ, ಗಾತ್ರವನ್ನು ಮನಗಾಣುವ ಲೆಕ್ಕ.

ತಕ್ಕ ಮಾನ ಸಿಕ್ಕಿದರೆ ಎಂಥ ಸಂಖ್ಯೆಯೂ ಮಾತಿಗೆ ಒದಗುತ್ತದೆ. 1976ರ ಬಚಾವತ್ ನ್ಯಾಯಮಂಡಳಿಯ ಅಂತಿಮ ತೀರ್ಮಾನದಲ್ಲಿ ಕೃಷ್ಣೆಯ ನೀರಿನಲ್ಲಿ ಕರ್ನಾಟಕಕ್ಕೆ ದೊರೆತ ಪಾಲು 700 ಟಿಎಂಸಿ. ಇದನ್ನು ಹನ್ನೆರಡು ಅಂಕಿಗಳ ಘನ ಅಡಿಯಲ್ಲಿ ಹೇಳಿಕೊಂಡು ತಿರುಗಬೇಕಾಗಿದ್ದರೆ ನಮ್ಮ ರೈತರು ಆ ಪಾಲಿನ ಬಗ್ಗೆ ವಾದ ಮಾಡುವುದೇ ಕಷ್ಟವಾಗುತ್ತಿತ್ತು. ಇಂದು ಹೊಲದ ಬದುವಿನಲ್ಲಿ ನಿಂತವರೂ ಟಿಎಂಸಿ ಲೆಕ್ಕದಲ್ಲಿ ಮಾತಾಡುತ್ತಾರೆ.

ಯಂತ್ರ ಅಂಕಿಗಳನ್ನು ಕೊಡುತ್ತದೆ. ಅವುಗಳನ್ನು ಗುಂಪು ಮಾಡಿ, ತಕ್ಕ ಮಾನ ಆರಿಸಿ, ಓದುವವರ ಕೈಗೆ ಇಡುವ ಹೊಣೆ ನಮ್ಮದು. ಆ ದಿನದ ನಂತರ ನಾನು ಬರೆಸುವ ಯಾವ ಸಂಖ್ಯೆಯೂ ಅಲ್ಪವಿರಾಮವಿಲ್ಲದೆ, ಪಕ್ಕದಲ್ಲಿ ಅಕ್ಷರದಲ್ಲಿ ಬರೆಯದೆ ಪರದೆಗೆ ಹೋಗಿಲ್ಲ: 2,50,000, ಎರಡೂವರೆ ಲಕ್ಷ. ಜಾಗ ತುಸು ಹೆಚ್ಚು ಬೇಕಾಗುತ್ತದೆ. ಹೊಳೆಯ ದಂಡೆಯ ಮೇಲೆ ಒಂದು ಪಂಪ್‌ಸೆಟ್ ಉಳಿದರೂ ಅದಕ್ಕೆ ಬೆಲೆ ಬಂದಂತೆ.